ಉಸಿರು ಬಂದವನ ಮೊದಲ ಮಾತು

ನಾನು ನರ್ಸ್ ಆಗಿರುವ ಕುಂದಾಪುರದ ಸಣ್ಣ ಆಸ್ಪತ್ರೆಯಲ್ಲಿ ಇವತ್ತು ನಡೆದದ್ದನ್ನು ನಿಮಗೆ ಹೇಳಲೇಬೇಕು, ಗೆಳೆಯರೇ. ಕಿರಿಮಂಜೇಶ್ವರದ ಮೀನುಗಾರ ಸೋಮನ ಎದೆಯಲ್ಲಿ ನೀರು ತುಂಬಿತ್ತು. ಎರಡು ವಾರದಿಂದ ನಾಲ್ಕು ಮಾತು ಒಟ್ಟಿಗೆ ಆಡುವಷ್ಟು ಉಸಿರಿರಲಿಲ್ಲ. ನೀರು ತೆಗೆಯಬೇಕೆಂದು ಡಾಕ್ಟರು ಹೇಳಿದ್ದೇ ತಡ, ಅವನ ಹೆಂಡತಿ ಗಿರಿಜ ಬಾಗಿಲಿಗೆ ಅಡ್ಡ ನಿಂತಳು.

“ಎದೆ ಕೊಯ್ಯೂಕ್ ನಾ ಬಿಡೂದಿಲ್ಲೆ ಡಾಕ್ಟ್ರೆ. ಮತ್ತೆ ಬಲೆ ಎಳೂಕ್ ಇವ್ರ ಹತ್ರ ಆತ್ತಾ?”

“ಕೊಯ್ಯೂದಿಲ್ಲೆ ಮಾರಾಯ್ತಿ. ಬೆನ್ನಿಗೆ ಒಂದ್ ಸೂಜಿ ಹಾಕಿ ನೀರ್ ಎಳೂದ್, ಅಷ್ಟೆ.”

ನಾನು ಸ್ಟವ್ ಮೇಲೆ ಕುದಿಸಿ ತಂದ ಉದ್ದನೆಯ ಸೂಜಿ ಕಂಡು ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ದಾರಿ ಬಿಟ್ಟು, ಗಂಡನ ಕೈ ಹಿಡಿದು ಪಕ್ಕದಲ್ಲೇ ನಿಂತಳು. ಸೋಮ ದಿಂಬಿನ ಮೇಲೆ ಬಾಗಿ ಕುಳಿತ. ಡಾಕ್ಟರು ಮರಗಟ್ಟುವ ಮದ್ದು ಕೊಟ್ಟು, ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಿದರು. ಗಾಜಿನ ಸಿರಿಂಜಿನಲ್ಲಿ ಹಳದಿ ನೀರು ಸ್ವಲ್ಪಸ್ವಲ್ಪವೇ ಬಂದು ಬಾಟಲಿ ತುಂಬಿತು. ಚರ್ಮದ ಮೇಲೆ ಉಳಿದದ್ದು ಸೊಳ್ಳೆ ಕಚ್ಚಿದಷ್ಟು ಗುರುತು.

ಸೋಮ ಉದ್ದಕ್ಕೆ ಉಸಿರೆಳೆದ. ಗಿರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಡಾಕ್ಟ್ರೆ,” ಎಂದ ಸೋಮ, “ಹದ್ನೈದ್ ದಿನ ಬರೀ ಗಂಜಿ ಹಾಕಿದ್ಲ್ ಇವ್ಳ್. ಒಂದ್ ಬಂಗ್ಡಿ ಮೀನ್ ಸುಟ್ ಕೊಡ್ ಅಂದ್ರೆ ಕೇಂತೇ ಇಲ್ಲೆ.”

ಗಿರಿಜ ಕಣ್ಣಿಂದ ಸೆರಗು ತೆಗೆದಳು. “ಒಂಚೂರ್ ನೀರ್ ಒಳ್ಗೇ ಬಿಡ್ಲಕ್ಕಿತ್ ಡಾಕ್ಟ್ರೆ.”

ಸಂಜೆ ಔಷಧ ಕೊಡಲು ಹೋದಾಗಲೂ ಬಂಗಡೆಯ ಜಗಳ ಮುಗಿದಿರಲಿಲ್ಲ. ಚಾರ್ಟಿನಲ್ಲಿ ಉಸಿರಾಟದ ಮುಂದೆ ‘ಚೆನ್ನಾಗಿದೆ’ ಎಂದು ಬರೆದು ಬಂದೆ. ಬೇರೆ ಪರೀಕ್ಷೆ ಬೇಕೆನಿಸಲಿಲ್ಲ.