ಡಾಲ್ಫಿನ್ನಿಗೆ ಸಹಿ, ಕಪ್ಪೆಗೆ ಗುಂಡುಸೂಜಿ

ಗಂಗಾ ನದಿಯ ಡಾಲ್ಫಿನ್ನನ್ನು ನಾನು ಒಮ್ಮೆಯೂ ಕಂಡವನಲ್ಲ. ಆದರೂ ಅದರ ಮಾತೆತ್ತಿದರೆ ನನ್ನ ಗಂಟಲು ಕಟ್ಟುತ್ತಿತ್ತು. ಕಪ್ಪೆಯನ್ನು ವಾರವಾರವೂ ಕಾಣುತ್ತಿದ್ದೆ, ಆಗ ಗಂಟಲಿಗೆ ಏನೂ ಆಗುತ್ತಿರಲಿಲ್ಲ. ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವನ ಅಂತಃಕರಣ ಹೀಗೂ ಇರುತ್ತದೆ, ಏನು ಮಾಡುವುದು?

ತೊಂಬತ್ತರ ದಶಕದ ಮಾತು. ಮೊದಲ ಮಳೆ ಬಿದ್ದೊಡನೆ ಶಿರಗುಪ್ಪಿಯ ಫಕೀರಪ್ಪ ಒದ್ದೆ ಗೋಣಿಚೀಲದಲ್ಲಿ ಕಪ್ಪೆ ತುಂಬಿಕೊಂಡು ನಮ್ಮ ಕಾಲೇಜಿಗೆ ಮಾರಲು ಬಸ್ಸಿನಲ್ಲಿ ಬರುತ್ತಿದ್ದ. ಚೀಲ ವಟಗುಟ್ಟಿದರೆ ಕಂಡಕ್ಟರ್ ಇಳಿಸಿಬಿಟ್ಟಾನೆಂದು ದಾರಿಯುದ್ದಕ್ಕೂ ತಾನೇ ಜೋರಾಗಿ ಕೆಮ್ಮುತ್ತಿದ್ದನಂತೆ. ನಾನು ಅವಕ್ಕೆ ಕ್ಲೋರೋಫಾರ್ಮ್ ಕೊಟ್ಟು, ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ, ಕೈಕಾಲಿಗೆ ಗುಂಡುಸೂಜಿ ಚುಚ್ಚಿ, ವಿದ್ಯಾರ್ಥಿಗಳಿಗೆ ಹೃದಯ ತೋರಿಸುತ್ತಿದ್ದೆ. ಅದೇ ಕೋಣೆಯ ಗೋಡೆಯ ಮೇಲೆ ಡಾಲ್ಫಿನ್ನಿನ ಬಣ್ಣದ ಚಿತ್ರ. ಅದನ್ನು ಉಳಿಸಿರೆಂಬ ಮನವಿಗೆ ಎಲ್ಲರೂ ಕಪ್ಪೆ ಕೊಯ್ದ ಕೈ ತೊಳೆದುಕೊಂಡು ಬಂದು ಸಹಿ ಹಾಕುತ್ತಿದ್ದರು.

ಇವೆರಡನ್ನೂ ಹೋಲಿಸಿ ಬರೆಯಿರಿ ಎಂದು ಕಿರುಪರೀಕ್ಷೆಯಲ್ಲಿ ಕೇಳುವ ಚಟವೂ ನನಗಿತ್ತು. ನೀರಲ್ಲಿದ್ದರೂ ಎರಡೂ ಉಸಿರಿಗಾಗಿ ಮೇಲೆ ಬರಬೇಕು. ಡಾಲ್ಫಿನ್ ಹೆಚ್ಚುಕಡಿಮೆ ಕುರುಡಾದರೂ ತನ್ನ ಸದ್ದಿನಿಂದಲೇ ದಾರಿ ಕಂಡುಕೊಳ್ಳುತ್ತದೆ; ಕಪ್ಪೆ ಕಣ್ಣಿದ್ದೂ ತನ್ನ ಸದ್ದಿನಿಂದಲೇ ಸಿಕ್ಕಿಬೀಳುತ್ತದೆ. ಚರ್ಮದಿಂದಲೂ ಉಸಿರಾಡುವುದರಿಂದ ಹೊಲಕ್ಕೆ ಹೊಡೆದ ಔಷಧ ಅದರ ಮೈಯೊಳಗೇ ಇಳಿಯುತ್ತದೆ. ಇಷ್ಟು ಬರೆದರೆ ಪೂರ್ತಿ ಅಂಕ. ಒಂದು ದೂರದಲ್ಲಿತ್ತು, ಇನ್ನೊಂದು ನಮ್ಮ ಕೈಗೆ ಸಿಗುತ್ತಿತ್ತು ಎಂಬ ವ್ಯತ್ಯಾಸವನ್ನು ಯಾರೂ ಬರೆಯಲಿಲ್ಲ, ನನಗೂ ಹೊಳೆದಿರಲಿಲ್ಲ.

ಬರಬರುತ್ತ ಚೀಲ ಹಗುರಾಯಿತು. ಆಮೇಲೆ ಫಕೀರಪ್ಪನೇ ಬರುವುದನ್ನು ಬಿಟ್ಟ. ಎರಡು ಸಾವಿರದ ಇಸವಿಯಿಂದ ಈಚೆಗೆ ಒಂದು ವರ್ಷ ಮಳೆ ತಡವಾದಾಗ ಮತ್ತೆ ಬಂದ, ಖಾಲಿ ಚೀಲ ಹಿಡಿದುಕೊಂಡು.

"ಸರ್, ಮಳಿ ಬರವಲ್ದು. ಕಪ್ಪಿ ಮದವಿ ಮಾಡೂಣಂತ ಊರ ಹಿರ್ಯಾರು ಅಂದಾರ್ರಿ. ಹಳ್ಳ, ಕೆರಿ ಎಲ್ಲಾ ಹುಡುಕಿದೆ, ಒಂದೂ ಸಿಗಲಿಲ್ಲ. ನಿಮ್ಮ ಹಂತೇಕ ಒಂದು ಜೋಡಿ ಇದ್ರ ಕೊಡ್ರಿ."

ಎದ್ದು ಹೋಗಿ ಕಪಾಟು ತೆರೆದೆ. ಫಾರ್ಮಲಿನ್ ತುಂಬಿದ ಗಾಜಿನ ಭರಣಿಗಳಲ್ಲಿ ಕಪ್ಪೆಗಳು ಬಿಳಿಚಿಕೊಂಡು ನಿಂತಿದ್ದವು. ಅವನು ಬಗ್ಗಿ ಒಂದೊಂದನ್ನೇ ನೋಡಿದ.

"ಇವು ನಮ್ಮೂರ ಕಪ್ಪಿ ಅಲ್ರಿ?"

"ಹೌದು, ನೀನ ತಂದಿದ್ದು."

"ಮದವಿಗೆ ಜೀವ ಇದ್ದದ್ದು ಬೇಕಲ್ರಿ ಸರ್," ಎಂದು ಮೆಲ್ಲಗೆ ಹೇಳಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡ.

ಬಾಗಿಲವರೆಗೆ ಕಳಿಸಲು ಹೋದೆ. ತಪ್ಪಾಯಿತು ಎನ್ನಬೇಕೆನ್ನಿಸಿತು. ಡಾಲ್ಫಿನ್ನಿಗೆಂದೇ ಮೀಸಲಿಟ್ಟಿದ್ದ ಗಂಟಲು ಅಂದು ಕಪ್ಪೆಗಾಗಿ ಕಟ್ಟಿತು. ಜೋರಾಗಿ ಕೆಮ್ಮಿದೆ. ಫಕೀರಪ್ಪ ತಿರುಗಿ ನೋಡಿದ. ಅವನ ಚೀಲದಲ್ಲಿ ಮುಚ್ಚಿಡುವಂಥ ಸದ್ದು ಯಾವುದೂ ಇರಲಿಲ್ಲ.