ನೀಲವ್ವ ಕೂಡಿಸಿ ನೋಡಿದ ಹೆಸರುಗಳು

ಗಂಡ-ಹೆಂಡತಿ ಯಾರೇ ಬಂದು ಕೂತರೂ ನೀಲವ್ವ ಮೊದಲು ರೊಟ್ಟಿ ಬಡಿಸುತ್ತಿರಲಿಲ್ಲ, ಹೆಸರು ಕೇಳುತ್ತಿದ್ದಳು. ಎರಡೂ ಹೆಸರನ್ನು ಜೋಡಿಸಿ, ಒಲೆಯ ಕಡೆ ಮುಖ ಮಾಡಿ ತನ್ನಷ್ಟಕ್ಕೆ ತಾನೇ ಅಂದು ನೋಡಿ, ಆಮೇಲೆ ಬಂದವರನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದಳು. ಬಾದಾಮಿಯಲ್ಲಿ ಅವಳ ಖಾನಾವಳಿಯಷ್ಟೇ ಅವಳ ಸಂಶಯವೂ ಹೆಸರುವಾಸಿ.

ನಾನು ಫ್ರೆಂಚ್ ಕಲಿತು ಗೈಡ್ ಆದವಳು. ಗುಹೆಗಳನ್ನು ತೋರಿಸಿ, ಫ್ರಾನ್ಸಿನವರನ್ನು ಮಧ್ಯಾಹ್ನ ಅವಳಲ್ಲಿಗೇ ಊಟಕ್ಕೆ ಕರೆದೊಯ್ಯುತ್ತಿದ್ದೆ. ಒಮ್ಮೆ ಝಾಂ-ಪಿಯೇರ್ ಎಂಬ ಸಾಧು ಮನುಷ್ಯ ಬಂದ. ಅವರಲ್ಲಿ ಒಬ್ಬರಿಗೇ ಎರಡು ಹೆಸರು ಕೂಡಿಸಿ ಇಡುತ್ತಾರೆ ಎಂದು ಎಷ್ಟು ಹೇಳಿದರೂ ನೀಲವ್ವ ನಂಬಲಿಲ್ಲ.

"ಒಬ್ಬಾವ ಎರಡ್ ಹೆಸರು ಇಟ್ಕೊಂಡು ತಿರಗ್ತಾನಂದ್ರ ಊರಾಗ ಏನರೆ ಮಾಡೇ ಬಂದಾನ. ನಿನ್ನ ಚೀಲಾ ಹುಷಾರ!"

ಇನ್ನೊಮ್ಮೆ ಲೂಯಿ ಮತ್ತು ಲೂಯಿಜ್ ಎಂಬ ಗಂಡ-ಹೆಂಡತಿ ಬಂದರು. ಎಂಥ ಚಂದದ ಜೋಡಿ ಎಂದು ನಾನು ಹಿಗ್ಗಿದೆ. ನೀಲವ್ವನ ಹುಬ್ಬು ಗಂಟಿಕ್ಕಿತು. "ಬೆಲ್ಲ ಹೆಚ್ಚಾದಲ್ಲೆ ಇರುವಿ ಬರ್ತಾವ. ಇವರ ಮ್ಯಾಲೆ ಒಂದ್ ಕಣ್ಣಿಡು." ಆ ಸಂಜೆ ಐಹೊಳೆಯಿಂದ ಹಿಂತಿರುಗುವಾಗ ಅವರು ಜಗಳಾಡಿ, ಗಂಡ ಡ್ರೈವರ್ ಪಕ್ಕಕ್ಕೆ ಹೋಗಿ ಕೂತುಬಿಟ್ಟ. ಮರುದಿನ ಸುದ್ದಿ ಕೇಳಿ ನೀಲವ್ವ ನನಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು. ಅವಳಿಗೆ ಒಪ್ಪಿಗೆಯಾದವರು ಗಿಯೋಮ್ ಮತ್ತು ಬ್ರಿಜಿತ್. "ಬೀಸೂ ಕಲ್ಲಿನ್ಯಾಗ ಹರಳು ಸಿಕ್ಕಂಗ ಐತಿ. ಇವರು ಬಾಳ್ವಿ ಮಾಡ್ತಾರ ನೋಡು."

ಇದೆಲ್ಲ ತಮಾಷೆಯಾಗಿತ್ತು, ನನಗೆ ಹುನಗುಂದದ ಗಂಡು ನಿಶ್ಚಯವಾಗುವವರೆಗೆ. ನಾನು ಶಿವಲೀಲಾ, ಹುಡುಗ ಶಿವಾನಂದ. ಅವ್ವನ ಕಾಲು ನೆಲದ ಮೇಲಿರಲಿಲ್ಲ. ನೀಲವ್ವ ಒಲೆಯ ಕಡೆ ತಿರುಗಿ ಎರಡೂ ಹೆಸರು ಅಂದು ನೋಡಿದಳು.

"ಬ್ಯಾಡ. ಹುನಗುಂದದಾಗ ಬ್ಯಾರೆ ಹೆಸರಿನ ವರ ಇಲ್ಲೇನು?"

"ಹೆಸರು ಬಾಳ್ವಿ ಮಾಡ್ತಾವೇನಬೇ?" ಎಂದು ಸಿಟ್ಟಿನಿಂದ ಕೇಳಿ ಎದ್ದು ಬಂದೆ. ಅವತ್ತೇ ಅವ್ವ ಹೇಳಿದ್ದು: ನೀಲವ್ವನ ಗಂಡನ ಹೆಸರು ನೀಲಪ್ಪ. ನೀಲವ್ವ-ನೀಲಪ್ಪ, ದೇವರೇ ಕೂಡಿಸಿದ ಜೋಡಿ ಎಂದು ಮದುವೆಯಲ್ಲಿ ಊರೆಲ್ಲ ಕೊಂಡಾಡಿತ್ತಂತೆ. ಗೋವಾಕ್ಕೆ ದುಡಿಯಲು ಹೋದವನು ತಿರುಗಿ ಬರಲೇ ಇಲ್ಲ.

ನನ್ನ ಸಿಟ್ಟು ಇಳಿಯಿತು, ಮದುವೆಯೂ ಆಯಿತು. ಹೆಂಗಸರೆಲ್ಲ ಸೇರಿ ಗಂಡನ ಹೆಸರು ಪೋಣಿಸಿ ಒಡಪು ಹೇಳುವಾಗ, ತನ್ನ ಸರದಿ ಬರುತ್ತಲೇ ನೀಲವ್ವ "ಒಲಿ ಮ್ಯಾಲೆ ಪಲ್ಯಾ ಇಟ್ಟೇನಿ" ಎಂದು ಎದ್ದು ಹೋದಳು. ಆಮೇಲೆ ವರ್ಷಗಟ್ಟಲೆ, ನಾನು ಹೋದಾಗಲೆಲ್ಲ ಅದೇ ವಿಚಾರಣೆ: "ನಿನ್ನೆ ಮನಿಗೆ ಬಂದಾನಿಲ್ಲ ಅಂವಾ?" ರೇಗುತ್ತಿತ್ತು. ಆದರೆ ನನ್ನ ಸಂಸಾರಕ್ಕಾಗಿ ಅಷ್ಟು ಹೆದರಿದವರು ಇನ್ನೊಬ್ಬರಿರಲಿಲ್ಲ.

ಕಡೆಯ ಸಲ ಅವಳನ್ನು ನೋಡಿದ್ದು ಬಾಗಲಕೋಟೆಯ ದವಾಖಾನೆಯಲ್ಲಿ. ಶಿವಾನಂದ ಅವಳಿಗೆ ಗಂಜಿ ಕುಡಿಸಿ ಬಾಯಿ ಒರೆಸಿದ. ಅವನು ಲೋಟ ತೊಳೆಯಲು ಹೊರಗೆ ಹೋದ ಮೇಲೆ ನೀಲವ್ವ ನನ್ನನ್ನು ಹತ್ತಿರ ಕರೆದು, ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು:

"ಬನಶಂಕರಿ ಹೊಂಡದಾಗ ನೀರು ಭಾಳ ತಂಪ, ನೀಲಪ್ಪನ ಹೆಸರು ನನ್ನ ಬಾಯಾಗ ಇಂಪ."

ನನ್ನ ಮದುವೆಯಲ್ಲಿ ಹೇಳದೆ ಎದ್ದು ಹೋಗಿದ್ದ ಒಡಪು ಅದು.

"ನೀ ಊರೂರಿನ ಹೆಸರು ಕೇಳಿದಾಕಿ. ನಂದೂ ಅವಂದೂ ಕೂಡ್ತಾವೇನ, ಹೇಳು."

"ಇಷ್ಟು ಚಂದ ಕೂಡಿದ್ದು ನಾ ಎಲ್ಲೂ ಕೇಳಿಲ್ಲಬೇ," ಎಂದೆ. ಖರೇನೇ ಹೇಳಿದ್ದೆ.

ಝಾಂ-ಪಿಯೇರನನ್ನು ನೋಡಿದ ಅದೇ ಕಣ್ಣಿನಿಂದ ನನ್ನನ್ನು ನೋಡಿದಳು.

"ನೀ ಗೈಡ. ಬಂದವರಿಗೆ ಪಾಳು ಗುಡೀನೂ ಚಂದ ಐತಿ ಅಂತ ಹೇಳಾಕಿ."

ಹಾಗೆಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾವು ಹೊರಡುವವರೆಗೂ, ಎರಡೂ ಹೆಸರನ್ನು ಜೋಡಿಸಿ ಮೆಲ್ಲಗೆ ಅಂದು ನೋಡುತ್ತಲೇ ಇದ್ದಳು.