ನಮ್ಮ ವೈನಿ ಕ್ರಿಮಿನಲ್ ಜಸ್ಟಿಸ್ ಓದಿದ್ದು

ಮೊನ್ನೆ ಮಿಯಾಪುರ ಮೆಟ್ರೋ ಸ್ಟೇಷನ್ನಿನಲ್ಲಿ ನನ್ನ ಚೀಲ ತಪಾಸಣೆಯ ಯಂತ್ರದೊಳಗೆ ಹೋಗಿ ಹೊರಗೆ ಬರಲೆಂದು ಕಾಯುತ್ತ ನಿಂತಿದ್ದೆ. ಮುಂದೆ ಯಾರದೋ ಲ್ಯಾಪ್‌ಟಾಪು, ಹಿಂದೆ ಯಾರದೋ ತರಕಾರಿ. ಯಂತ್ರಕ್ಕೆ ಎಲ್ಲರ ಮೇಲೂ ಸಮನಾದ ಸಂಶಯ, ಹಾಗಾಗಿ ಯಾರಿಗೂ ಬೇಸರವಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹಾಗಲ್ಲ. ಅಲ್ಲಿ ಮನೆಗೆಲಸದವರ ಚೀಲ ಮಾತ್ರ ಬಿಚ್ಚಿಸುತ್ತಾರೆ. ದಿನಾ ಕಂಡರೂ ನನಗೆ ಕಾಣದಿದ್ದ ಈ ಸಂಗತಿಯನ್ನು ತೋರಿಸಿಕೊಟ್ಟವರು ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ಅವರು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಕ್ರಿಮಿನಲ್ ಜಸ್ಟಿಸ್ ಡಿಗ್ರಿ ಓದುತ್ತಿದ್ದ ಕಾಲದ ಮಾತಿದು.

ಅಣ್ಣನಿಗೆ ಈ ತೆಲುಗು ಊರಿನ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ. ವೈನಿ ಕಲಬುರಗಿಯವರು, ಪಿಯುಸಿ ಆದಮೇಲೆ ಪುಸ್ತಕ ಮುಚ್ಚಿಟ್ಟವರು. ಮಗ ಹಾಸ್ಟೆಲ್ಲಿಗೆ ಹೋದಮೇಲೆ ಮಧ್ಯಾಹ್ನ ಟೀವಿಯಲ್ಲಿ ಪೊಲೀಸ್ ಧಾರಾವಾಹಿ ನೋಡುವ ಅಭ್ಯಾಸವಾಯಿತು. ಒಂದು ದಿನ ನನ್ನನ್ನು ಕೇಳಿದರು: "ಕಳ್ಳ ಸಿಕ್ಕಕೂಡ್ಲೆ ಇವರು ಕತಿ ಮುಗಿಸಿಬಿಡ್ತಾರ. ಆಮ್ಯಾಲೆ ಅವಂಗ ಏನಾಗ್ತೈತಿ?"

"ಜೇಲಿಗೆ ಹೋಗ್ತಾನ್ರಿ ವೈನಿ."

"ಸೀದಾ ಹೋಗ್ತಾನೇನು? ಅವನೇ ಕಳ್ಳ ಅಂತ ಹೆಂಗ ಗೊತ್ತಾತು? ನಡುವ ಯಾರೂ ಏನೂ ಕೇಳಂಗಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಬೇರೆಯವರಾಗಿದ್ದರೆ ಚಾನೆಲ್ ಬದಲಿಸುತ್ತಿದ್ದರು. ವೈನಿ ಡಿಗ್ರಿಗೇ ಸೇರಿಬಿಟ್ಟರು. ಬಿಲ್ಡಿಂಗಿನ ಹೆಂಗಸರು ಇವರು ಇನ್‌ಸ್ಪೆಕ್ಟರ್ ಆಗುತ್ತಾರೆಂದೇ ತಿಳಿದರು. ಅವರ ಕೆಳಗಿನ ಮಹಡಿಯವನೂ, ಮಾದಾಪುರದಲ್ಲಿ ಕಂಪ್ಯೂಟರ್ ಕೆಲಸದವನೂ ಆದ ನಾನು ಅವರ ತಾಂತ್ರಿಕ ಸಲಹೆಗಾರನಾದೆ. ನನ್ನ ಸಲಹೆ ಯಾವಾಗಲೂ ಒಂದೇ: ಆಫ್ ಮಾಡಿ ಆನ್ ಮಾಡ್ರಿ. ಅಷ್ಟಕ್ಕೇ ಚಹಾ ಸಿಗುತ್ತಿತ್ತು, ಜೊತೆಗೆ ಪಾಠ ಉಚಿತ. ತೆರೆಯ ಮೇಲಿನ ಮೇಷ್ಟ್ರ ದನಿಗೆ ನನಗೆ ನಿದ್ದೆ ಬರುತ್ತಿತ್ತು. ವೈನಿ ಮಾತ್ರ ಪಲ್ಯಕ್ಕೆ ಹೆಚ್ಚುವುದನ್ನೂ ಬಿಟ್ಟು ಕೇಳುತ್ತಿದ್ದರು. ಕಣ್ಣಾರೆ ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ ಎಂಬ ಪಾಠ ಆದ ವಾರವಂತೂ ಮನೆಯಲ್ಲಿ ಮಾತಾಡುವುದೇ ಕಷ್ಟವಾಯಿತು. ಹಾಲು ಬೆಕ್ಕು ಕುಡಿಯಿತು ಎಂದರೆ "ನೀ ನೋಡಿದೇನು?" ಎಂದು ಕೇಳುವರು. ಅಣ್ಣ ನನ್ನ ಬಳಿ ಗೋಳಾಡಿದ: "ಸಾರಿಗೆ ಉಪ್ಪು ಕಡಿಮಿ ಅಂದ್ರೂ ಸಾಕ್ಷಿ ಕೇಳ್ತಾಳಪ್ಪ."

ಆ ಶ್ರಾವಣದಲ್ಲಿ, ಪಂಚಮಿ ಕಳೆದ ಕೆಲ ದಿನಗಳಿಗೆ, ವೈನಿಯ ಮೇಲಿನ ಮನೆಯ ಶಾಂತಾಬಾಯಿಯವರ ಬೆಳ್ಳಿ ಬಟ್ಟಲು ಕಾಣೆಯಾಯಿತು. ತವರಿನಿಂದ ಬಂದದ್ದು, ಅವರಿಗೆ ಜೀವ. ಅವರ ಮನೆಯಲ್ಲೂ ನಮ್ಮೆರಡು ಮನೆಗಳಲ್ಲೂ ಕೆಲಸ ಮಾಡುತ್ತಿದ್ದವಳು ಯಾದಮ್ಮ. "ಅಕಿನ್ನ ಬಿಟ್ಟು ನಮ್ಮ ಅಡಗಿಮನಿಗೆ ಯಾರು ಬರ್ತಾರ?" ಎಂದು ಶಾಂತಾಬಾಯಿ ಅಪಾರ್ಟ್‌ಮೆಂಟಿನ ಸಂಘಕ್ಕೆ ದೂರು ಕೊಟ್ಟರು. ಸಂಘ ಅವಳನ್ನು ಗೇಟಿನ ಒಳಗೇ ಬಿಡಬಾರದೆಂದು ಹೊರಟಿತು. ಹಾಗಾದರೆ ಅವಳಿಗೆ ಇಲ್ಲಿನ ಮನೆಗಳೆಲ್ಲ ಒಂದೇ ಸಲಕ್ಕೆ ಹೋದಂತೆ, ಕಳ್ಳಿ ಎಂಬ ಹೆಸರು ಹೊತ್ತವಳನ್ನು ಪಕ್ಕದ ಅಪಾರ್ಟ್‌ಮೆಂಟಿನವರೂ ಸೇರಿಸರು. "ನೇನು ತೀಯಲೇದಮ್ಮಾ, ನಾನು ತೆಗೆದಿಲ್ಲ" ಎಂಬುದಷ್ಟೇ ಅವಳ ಮಾತು.

ಪರೀಕ್ಷೆ ಆಗಷ್ಟೇ ಮುಗಿಸಿದ್ದ ವೈನಿ ಸಂಘದವರ ಹತ್ತಿರ ಭಾನುವಾರದವರೆಗೆ ಕಾಲಾವಕಾಶ ಕೇಳಿದರು. ಆಮೇಲೆ ನನ್ನನ್ನೂ ಕರೆದುಕೊಂಡು ಶಾಂತಾಬಾಯಿಯವರ ಮನೆಗೆ ಹೋದರು.

"ಬಟ್ಟಲಾ ಕಡೀಕ ನೋಡಿದ್ದು ಯಾವಾಗ್ರಿ?"

"ಪಂಚಮಿ ದಿವಸ, ಉಂಡಿ ಕಟ್ಟೋಮುಂದ."

"ಉಂಡಿ ಮನಿಮನಿಗೆ ಹಂಚಿದವರು ಯಾರು?"

ಹಂಚಿದವಳು ಹಬ್ಬಕ್ಕೆ ಬಂದು ಪುಣೆಗೆ ಮರಳಿದ್ದ ಅವರ ಮಗಳು. ಫೋನು ಹಚ್ಚಿದರೆ ಆಕೆ ನಗುತ್ತಲೇ ಹೇಳಿದಳು: "ಸ್ಟೀಲಿನ ಡಬ್ಬಿ ಎಲ್ಲಾ ಮುಗದಿದ್ವು. ಕೈಗೆ ಸಿಕ್ಕ ಬಟ್ಟಲದಾಗ ಶೇಂಗಾ ಉಂಡಿ ಹಾಕಿ ಕೆಳಗಿನ ಮನಿಗೆ ಕೊಟ್ಟೆ. ಕಾಕಾ ಇಸ್ಕೊಂಡ್ರು."

ಶಾಂತಾಬಾಯಿಯವರಿಗೆ ಕೆಳಗಿನ ಮನೆ ಎಂದರೆ ವೈನಿಯದೇ. ಕಾಕಾ ಎಂದರೆ ನಮ್ಮ ಅಣ್ಣ.

ನಮ್ಮ ಜನರ ರೀತಿ ನಿಮಗೂ ಗೊತ್ತು. ತುಂಬಿ ಬಂದ ಪಾತ್ರೆಯನ್ನು ಖಾಲಿ ವಾಪಸು ಕೊಡುವಂತಿಲ್ಲ. ವೈನಿ ಪರೀಕ್ಷೆಯ ಗದ್ದಲದಲ್ಲಿದ್ದರು, ಅಣ್ಣ ಉಂಡಿ ತಿಂದು, ಹೊಳಪು ಮಾಸಿದ ಬಟ್ಟಲನ್ನು ಸ್ಟೀಲೆಂದು ತಿಳಿದು, ವಾಪಸು ಕೊಡಬೇಕಾದ ಪಾತ್ರೆಗಳ ಜೊತೆ ಅಡುಗೆ ಕಟ್ಟೆಯ ಕೆಳಗಿನ ಗೂಡಿನಲ್ಲಿಟ್ಟಿದ್ದ. ಏನಾದರೂ ಸಿಹಿ ಮಾಡುವವರೆಗೆ ಅದು ಅಲ್ಲಿಯೇ ಕಾಯಬೇಕಿತ್ತು. ವೈನಿ ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆ ಬಟ್ಟಲನ್ನು ಹೊರಗೆ ತೆಗೆದರು. ಒಂದಿಷ್ಟು ಸಕ್ಕರೆ ಹಾಕಿ ಸದ್ದಿಲ್ಲದೆ ಮೇಲೆ ಕೊಟ್ಟು ಬರೋಣ ಎಂದು ಅಣ್ಣ ಹೇಳಿದ.

"ಏನೂ ಹಾಕಬ್ಯಾಡ್ರಿ" ಎಂದರು ವೈನಿ. "ಹೆಂಗ ಐತೋ ಹಂಗ ಎಲ್ಲಾರ ಮುಂದ ಒಪ್ಪಸ್ತೀನಿ."

ಭಾನುವಾರದ ಸಭೆಯಲ್ಲಿ ಹಾಗೆಯೇ ಮಾಡಿದರು. ಎಲ್ಲರೂ ನಕ್ಕರು, ಶಾಂತಾಬಾಯಿಯೂ ನಕ್ಕರು. "ಹೋಗ್ಲಿ ಬಿಡ್ರಿ, ಓದೋ ಗದ್ದಲದಾಗ ಮರವು ಆಗ್ತೈತಿ."

ವೈನಿ ಮಾತ್ರ ನಗಲಿಲ್ಲ. "ನಮ್ಮ ಮನ್ಯಾಗ ಸಿಕ್ತು, ಮರವು ಅಂದ್ರಿ. ಯಾದಮ್ಮಗೂ ನೀವು ಉಂಡಿ ಕೊಟ್ಟೀರಿ. ಅಕಿ ಮನ್ಯಾಗ ಸಿಕ್ಕಿದ್ರ ಏನಂತಿದ್ರಿ?"

ಗೇಟಿನಲ್ಲಿ ನೋಡುವುದಾದರೆ ಎಲ್ಲರ ಚೀಲ ನೋಡಿ, ಇಲ್ಲವಾದರೆ ಯಾರದೂ ಬೇಡ ಎಂದೂ ವೈನಿ ಕೇಳಿದರು. ಮುಂದಿನ ಸಭೆಯಲ್ಲಿ ನೋಡೋಣ ಎಂದರು, ಇನ್ನೂ ನೋಡುತ್ತಲೇ ಇದ್ದಾರೆ. ಬಾಗಿಲ ಬಳಿ ನಿಂತಿದ್ದ ಯಾದಮ್ಮನಿಗೆ ಶಾಂತಾಬಾಯಿ ನಾಳೆಯಿಂದ ಕೆಲಸಕ್ಕೆ ಬಾ ಎಂದರು. ಯಾದಮ್ಮ "ರಾನಮ್ಮಾ, ಬರೋದಿಲ್ಲ" ಎಂದು ಮೆಲ್ಲಗೆ ಹೇಳಿ ಹೋದಳು, ನಮ್ಮೆರಡು ಮನೆಗಳ ಕೆಲಸ ಮಾತ್ರ ಉಳಿಸಿಕೊಂಡಳು. ಆ ದಿನ ವೈನಿಯ ಬಗ್ಗೆ ನನಗೆ ಹೆಮ್ಮೆಯಾಯಿತು. ನಾನೂ ಆ ಪಾಠ ಕಲಿತುಬಿಟ್ಟೆ ಎಂದುಕೊಂಡೆ. ಚಹಾ ಕುಡಿಯುತ್ತ ಕೇಳಿಸಿಕೊಂಡವನಿಗೆ ಅಷ್ಟು ಧೈರ್ಯ.

ವೈನಿ ಈಗ ನಾಂಪಲ್ಲಿಯಲ್ಲಿ ವಕೀಲರೊಬ್ಬರ ಆಫೀಸಿಗೆ ಹೋಗುತ್ತಾರೆ. ನಿನ್ನೆ ಬೆಳಿಗ್ಗೆ ನನ್ನ ಕೈಗಡಿಯಾರ ಕಾಣಲಿಲ್ಲ. ಮೇಜಿನ ಮೇಲೆ ಇಟ್ಟದ್ದು ಚೆನ್ನಾಗಿ ನೆನಪಿತ್ತು. "ನಿನ್ನೆ ಯಾರ್ಯಾರು ಬಂದಿದ್ರು?" ಎಂದು ಹೆಂಡತಿ ಕೇಳಿದಾಗ ನನ್ನ ನಾಲಿಗೆಯ ತುದಿಗೆ ಒಂದೇ ಒಂದು ಹೆಸರು ಬಂತು, ಯಾದಮ್ಮನದು. ಇಷ್ಟೆಲ್ಲ ಕಂಡ ಮೇಲೂ. ನಾಚಿಕೆಯಿಂದ ಅದನ್ನು ನುಂಗಿಕೊಂಡು, "ಇಟ್ಟೆ ಅಂತ ಅಂದುಕೊಂಡೀನಿ, ಅಷ್ಟ" ಎಂದೆ. ಇಬ್ಬರೂ ಬಗ್ಗಿ ಸೋಫಾದ ಕೆಳಗೆ ಹುಡುಕುತ್ತಿದ್ದಾಗ ಯಾದಮ್ಮ ಬಂದಳು.

ಏನು ಕಳೆದಿದೆ ಎಂದು ಕೇಳಿದಳು. ನಾನೇ ಎಲ್ಲೋ ಇಟ್ಟು ಮರೆತಿದ್ದೇನೆ, ಒಳಗೆ ಬಾ ಎಂದು ತೆಲುಗಿನಲ್ಲಿ ಹೇಳಿದೆ. ಆದರೂ ಅವಳು ಗಡಿಯಾರ ಸಿಗುವವರೆಗೆ ಹೊಸ್ತಿಲು ದಾಟಲಿಲ್ಲ.